ಸ್ಪೇಸ್ ಒಪೆರಾ ಆಟ ಬರೆಯಲು ಹೊರಟೆ, ಖಾತೆಪುಸ್ತಕವಾಯಿತು. ಎಲ್ಲಿ ತಪ್ಪಿದೆ?

ಬಲ್ಲಾರ್ಡ್ ಗುಮಾಸ್ತ, ಡೊಂಬಿವಲಿ

ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದವಿದೆ. ಇಪ್ಪತ್ತಾರು ವರ್ಷ ಹಡಗಿನ ಸರಕಿನ ಕಾಗದಪತ್ರ ಬರೆದವನಿಗೆ ಚುಟುಕಾಗಿ ಬರೆಯುವುದು ಒಗ್ಗಿ ಬಂದಿಲ್ಲ.

ಮೇಜಿನ ಸುತ್ತ ಕುಳಿತು, ದಾಳ ಉರುಳಿಸಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತನಾಡುವ ರೋಲ್‌ಪ್ಲೇಯಿಂಗ್ ಆಟದ ಹುಚ್ಚು ನನಗೆ ಹಿಡಿದದ್ದು ಮಗಳಿಂದ. ಕಾಲೇಜಿನ ಗೆಳತಿಯರ ಜೊತೆ ಅವಳು ಗುಹೆ, ಡ್ರ್ಯಾಗನ್, ಮಂತ್ರವಾದಿಗಳ ಆಟ ಆಡುತ್ತಿದ್ದಳು. ಒಂದು ಸಂಜೆ ಒಬ್ಬರು ಕಡಿಮೆಯಾದರೆಂದು ನನ್ನನ್ನೂ ಕೂರಿಸಿದಳು. ನಾನು ಮುದುಕ ವ್ಯಾಪಾರಿಯ ಪಾತ್ರ ತೆಗೆದುಕೊಂಡು, ಕೋಟೆ ಬಾಗಿಲ ಸುಂಕದವನ ಜೊತೆ ಮುಕ್ಕಾಲು ಗಂಟೆ ವಾದಿಸಿದೆ. ಹುಡುಗಿಯರು ಆಕಳಿಸಿದರು. ನನಗೆ ಮಾತ್ರ ಆ ಸುಖ ಇನ್ನೂ ನಾಲಿಗೆಯ ಮೇಲಿದೆ. ಇಂಥದ್ದನ್ನು ಕನ್ನಡದಲ್ಲಿ ನಾನೇ ಏಕೆ ಬರೆಯಬಾರದು ಎನ್ನಿಸಿತು. ಬಾಹ್ಯಾಕಾಶವನ್ನು ಆರಿಸಿಕೊಂಡೆ. ಹಡಗು ಬಿಟ್ಟರೆ ಬೇರೇನೂ ತಿಳಿಯದವನಿಗೆ ಅದೇ ಹತ್ತಿರದ ಊರು.

ಸ್ಪೇಸ್ ಒಪೆರಾ ಎಂಬ ಮಾತು ಹುಟ್ಟಿದ್ದೇ ಬೈಗುಳವಾಗಿ. 1941ರಲ್ಲಿ ವಿಲ್ಸನ್ ಟಕರ್ ಎಂಬಾತ ಸವಕಲು ರಾಕೆಟ್ ಕಥೆಗಳನ್ನು ಹಂಗಿಸಲು ಆ ಹೆಸರಿಟ್ಟ. ನನಗೆ ಬೇಕಾದದ್ದು ಅದೇ ಸವಕಲು ವೈಭವ. ಸಾಮ್ರಾಜ್ಯ ಬಿರುಕು ಬಿಡಬೇಕು, ಅಣ್ಣ ತಮ್ಮಂದಿರು ಎದುರುಬದುರಿನ ನೌಕೆಗಳಲ್ಲಿ ನಿಲ್ಲಬೇಕು, ಯಾರೋ ಕೊಟ್ಟ ಒಂದು ಮಾತಿಗೆ ಒಂದು ಗ್ರಹವೇ ಹೊತ್ತಿ ಉರಿಯಬೇಕು. ನಮ್ಮ ಆಟದಲ್ಲಿ ಆಗುತ್ತಿರುವುದು ಬೇರೆ.

ಆಡುವವರು ನಾಲ್ವರು. ಮಗಳು. ಘಾಟ್ಕೋಪರಿನ ಅಕ್ಕನ ಮಗ. ಎದುರುಮನೆಯ ಶೆಟ್ಟರು, ಬ್ಯಾಂಕಿನ ಸಾಲ ವಿಭಾಗದಲ್ಲಿದ್ದಾರೆ. ಮತ್ತು ನನಗೆ ಮುಂಬೈ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಪಾಠ ಹೇಳಿದ ಮೇಷ್ಟ್ರು. ಅವರಿಗೆ ಈಗ ಎಪ್ಪತ್ತೆಂಟು. ಭಾನುವಾರ ಮಧ್ಯಾಹ್ನ ಮೂರಕ್ಕೆ ಶುರು, ಹಳಿ ದುರಸ್ತಿಗೆಂದು ಲೋಕಲ್ ಗಾಡಿ ತಡೆಯುವ ಮೆಗಾಬ್ಲಾಕ್ ಇದ್ದರೆ ನಾಲ್ಕೂವರೆಗೆ. ನೌಕೆಯ ಹೆಸರು ಮತ್ಸ್ಯಗಂಧ. ಊರಿಗೆ ಹೋಗುವ ರೈಲಿನ ಹೆಸರನ್ನೇ ಅಕ್ಕನ ಮಗ ಇಟ್ಟ.

ದಾಳದ ನಿಯಮ ನನ್ನದಲ್ಲ. 2010ರಲ್ಲಿ ಬಂದ ಅಪೊಕ್ಯಾಲಿಪ್ಸ್ ವರ್ಲ್ಡ್ ಎಂಬ ಆಟದಿಂದ ಎತ್ತಿದ್ದು. ಎರಡು ದಾಳ ಉರುಳಿಸಿ ಕೂಡಿಸಬೇಕು. ಹತ್ತು ಅಥವಾ ಹೆಚ್ಚಾದರೆ ಅಂದುಕೊಂಡದ್ದು ಆಗುತ್ತದೆ. ಏಳರಿಂದ ಒಂಬತ್ತಾದರೆ ಆಗುತ್ತದೆ, ಆದರೆ ಏನಾದರೂ ತೆರಬೇಕು. ಆರು ಅಥವಾ ಕಡಿಮೆಯಾದರೆ ಕೆಟ್ಟಿತು. ಇದರಲ್ಲಿ ತೊಂದರೆ ಇಲ್ಲ.

ತೊಂದರೆ ಸಾಲದ್ದು. 1977ರ ಟ್ರಾವೆಲರ್ ಎಂಬ ಬಾಹ್ಯಾಕಾಶದ ರೋಲ್‌ಪ್ಲೇಯಿಂಗ್ ಆಟದಲ್ಲಿ ನೌಕೆಗೆ ಕೊಡುವ ಸಾಲದ ನಿಯಮವಿದೆ. ಬೆಲೆಯ ಶೇಕಡಾ 20 ಮುಂಗಡ, ಉಳಿದದ್ದಕ್ಕೆ ಪ್ರತಿ ತಿಂಗಳೂ ಬೆಲೆಯ 240ರಲ್ಲಿ ಒಂದು ಪಾಲು, ಹೀಗೆ 480 ತಿಂಗಳು. ನಲವತ್ತು ವರ್ಷ! ಕೊನೆಗೆ ಬೆಲೆಯ ಶೇಕಡಾ 220 ತೆತ್ತಂತಾಗುತ್ತದೆ. ಇದನ್ನು ಓದಿದಾಗ ನನಗೆ ರೋಮಾಂಚನವಾಯಿತು, ಎತ್ತಿಕೊಂಡೆ. ಮೊದಲ ಭಾನುವಾರ ಶೆಟ್ಟರು ಅವಧಿಗೆ ಮುಂಚೆ ಸಾಲ ತೀರಿಸಿದರೆ ರಿಯಾಯಿತಿ ಎಷ್ಟೆಂದು ಕೇಳಿದರು. ಎರಡನೆಯ ಭಾನುವಾರ ಕಂತು ಮುಂದೂಡಲು ಅರ್ಜಿ ಬರೆದು ತಂದರು. ಮೂರನೆಯ ಭಾನುವಾರ ಲ್ಯಾಪ್‌ಟಾಪ್ ಬಂತು. ಸಾಮ್ರಾಜ್ಯದಲ್ಲಿ ದಂಗೆ ಎದ್ದಿದೆ ಎಂದು ನಾನು ಎದೆಯುಬ್ಬಿಸಿ ಘೋಷಿಸಿದರೆ ಅವರ ಮೊದಲ ಪ್ರಶ್ನೆ, "ವಿಮೆ ಇದಕ್ಕೆ ಅನ್ವಯಿಸುತ್ತದೆಯೇ?" ಯುದ್ಧದ ಅಪಾಯಕ್ಕೆ ಬೇರೆ ಪಾಲಿಸಿ ಬೇಕಾಗುತ್ತದೆ ಎಂದು ನಾನೂ ಪೆದ್ದನಂತೆ ಉತ್ತರ ಕೊಟ್ಟೆ. ಅಲ್ಲಿಗೆ ಮತ್ತೆ ಅರ್ಧ ಗಂಟೆ ಹೋಯಿತು. ಅಕ್ಕನ ಮಗ ಆ ಹೊತ್ತಿಗೆ ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಲೆಕ್ಕಪತ್ರ ಕಿತ್ತು ಹಾಕಲೇ? ಹಾಕಿದರೆ ಇವರು ಗ್ರಹದಿಂದ ಗ್ರಹಕ್ಕೆ ಹೋಗಲು ಕಾರಣವೇ ಉಳಿಯುವುದಿಲ್ಲ. ಇನ್ನೊಂದು: ದಾಳದ ಬದಲು ಚೌಕಾಬಾರದ ಕವಡೆ ಬಳಸಿದರೆ ಹೇಗೆ? ಅಮ್ಮನ ಕವಡೆಗಳು ಮನೆಯಲ್ಲಿವೆ. ನಕ್ಷತ್ರಗಳ ನಕ್ಷೆ ಹೇಗಿರಬೇಕೆಂದೂ ಯಾರಾದರೂ ಹೇಳಿ.

ಖಡಕಿಯ ತಾರಾವೀಕ್ಷಕ, ಪುಣೆ

ಗುಮಾಸ್ತರೇ, ಮೊದಲು ಕವಡೆಯ ವಿಚಾರ. ಎರಡು ದಾಳ ಬೀಳುವುದು 36 ಬಗೆ. ಅದರಲ್ಲಿ ಹತ್ತು ಮತ್ತು ಮೇಲೆ ಬರುವುದು 6, ಏಳರಿಂದ ಒಂಬತ್ತು 15, ಆರು ಮತ್ತು ಕೆಳಗೆ 15. ಪಾತ್ರಕ್ಕೆ ಒಂದೇ ಒಂದು ಅಂಕ ಕೂಡಿಸಿ ಕೊಟ್ಟರೆ ಅದು 10, 16, 10 ಆಗುತ್ತದೆ. ಒಂದು ಅಂಕಕ್ಕೆ ಅಷ್ಟು ಬೆಲೆ. ನಾಲ್ಕು ಕವಡೆಗೆ ಇರುವುದು 16 ಬಗೆ ಮಾತ್ರ. ನಾಲ್ಕೂ ಬಾಯಿ ಮೇಲಾಗಿ ಚೌಕ ಬೀಳುವುದು ಒಂದು, ನಾಲ್ಕೂ ಬೋರಲಾಗಿ ಬಾರ ಬೀಳುವುದು ಒಂದು, ಮಿಕ್ಕವೆಲ್ಲ ನಡುವಿನವು. ಅದೂ ಕವಡೆ ನಾಣ್ಯದಂತೆ ಎರಡೂ ಕಡೆಗೆ ಸಮವಾಗಿ ಬಿದ್ದರೆ. ಒಂದು ಕಡೆ ಗುಡ್ಡ, ಒಂದು ಕಡೆ ಚಪ್ಪಟೆ ಇರುವ ಚಿಪ್ಪು ಹಾಗೆ ಬೀಳುವುದಿಲ್ಲ. ಎಲ್ಲ ಕೆಲಸಕ್ಕೂ ದಾಳ ಇಟ್ಟುಕೊಳ್ಳಿ, ಒಂದು ಆಟಕ್ಕೆ ಒಂದೇ ಸಲ ಕವಡೆ ತೆಗೆಯಿರಿ. ಚೌಕ ಅಥವಾ ಬಾರ ಬಿದ್ದರೆ ಇಡೀ ಮೇಜು ಎದ್ದು ನಿಲ್ಲುವಂಥದ್ದು ಏನಾದರೂ ಆಗಲಿ.

ನಕ್ಷೆಗೆ ಬಂದರೆ, ವಿಜ್ಞಾನದ ವಿಷಯದಲ್ಲಿ ಒಂದೇ ಸುಳ್ಳು ಹೇಳಿ, ಅದನ್ನು ಚೆನ್ನಾಗಿ ಹೇಳಿ. ನನ್ನ ಸಲಹೆ: ನೌಕೆ ಬೆಳಕಿಗಿಂತ ವೇಗವಾಗಿ ಹೋಗಬಹುದು, ರೇಡಿಯೊ ಹೋಗಬಾರದು. ಭೂಮಿಯಿಂದ ಮಂಗಳಕ್ಕೆ ಒಂದು ಮಾತು ತಲುಪಲು ಅದು ಇರುವ ಜಾಗ ನೋಡಿಕೊಂಡು ಮೂರರಿಂದ ಇಪ್ಪತ್ತೆರಡು ನಿಮಿಷ. ಸೂರ್ಯನನ್ನು ಬಿಟ್ಟರೆ ತೀರ ಹತ್ತಿರದ ನಕ್ಷತ್ರಕ್ಕೆ 4.24 ವರ್ಷ. ಹಾಗಾಗಿ ಸುದ್ದಿ ಕೂಡ ನೌಕೆಯಲ್ಲೇ ಹೋಗಬೇಕು, ಮೂಟೆಯಂತೆ. ನೀವು ಹೆಸರಿಸಿದ ಟ್ರಾವೆಲರ್‌ನಲ್ಲೂ ಇರುವುದು ಹೀಗೆಯೇ: ನಕ್ಷತ್ರದಿಂದ ನಕ್ಷತ್ರಕ್ಕೆ ಒಂದು ಜಿಗಿತಕ್ಕೆ ಸುಮಾರು ಒಂದು ವಾರ, ಆ ವಾರದಲ್ಲಿ ಯಾರಿಗೂ ಏನೂ ತಿಳಿಯುವುದಿಲ್ಲ. ದಂಗೆಯ ಸುದ್ದಿ ನಿಮ್ಮ ನೌಕೆಯವರ ಬಳಿ ಮಾತ್ರ ಇದ್ದರೆ? ಅದನ್ನು ಮೊದಲು ಯಾರಿಗೆ ಹೇಳುತ್ತಾರೆ? ನಿಮ್ಮ ಶೆಟ್ಟರು ಅದನ್ನು ಮಾರುತ್ತಾರೆ ಎನ್ನುವುದರಲ್ಲಿ ನನಗೆ ಸಂದೇಹವಿಲ್ಲ, ಮಾರಲಿ. ಆಮೇಲೆ ಅದರ ಫಲ ಉಣ್ಣಲಿ.

ಒಂದು ದೃಶ್ಯ ಬೇಕಿದ್ದರೆ ನಾರಾಯಣಗಾಂವ್ ಹತ್ತಿರದ ಖೊಡದ್‌ಗೆ ಹೋಗಿ ಬನ್ನಿ. ಅಲ್ಲಿ ರೇಡಿಯೊ ದೂರದರ್ಶಕದ ಮೂವತ್ತು ತಟ್ಟೆಗಳಿವೆ, ಒಂದೊಂದೂ 45 ಮೀಟರ್ ಅಗಲ, ಸುಮಾರು 25 ಕಿಲೋಮೀಟರ್ ಹರಡಿಕೊಂಡಿವೆ. ಹದಿನಾಲ್ಕು ನಡುವೆ ಗುಂಪಾಗಿ, ಉಳಿದವು ಮೂರು ತೋಳುಗಳಲ್ಲಿ. ಈರುಳ್ಳಿ ಹೊಲದ ಬದುವಿನ ಮೇಲೆ ನಿಂತು ನೋಡಿದರೆ, ತಟ್ಟೆಗಳೆಲ್ಲ ಸದ್ದಿಲ್ಲದೆ ಒಟ್ಟಿಗೆ ಒಂದೇ ಕಡೆಗೆ ತಿರುಗುತ್ತವೆ. ಪಕ್ಕದಲ್ಲಿ ಒಬ್ಬ ಅಜ್ಜ ಎಮ್ಮೆ ಮೇಯಿಸುತ್ತಿದ್ದ, ತಲೆ ಎತ್ತಲಿಲ್ಲ. ನಿಮ್ಮ ಗಡಿಯ ಗ್ರಹ ಅದು.

ಚೌಪಾಟಿ ಚೆನ್ನ

ಹಣದ ನಿಯಮವನ್ನೇ ತೆಗೆದುಬಿಡಿ. ವೀರರು ಪೆಟ್ರೋಲ್ ಲೆಕ್ಕ ಹಾಕುವುದನ್ನು ಯಾರೂ ನೋಡಲು ಬರುವುದಿಲ್ಲ.

ಬಲ್ಲಾರ್ಡ್ ಗುಮಾಸ್ತ, ಡೊಂಬಿವಲಿ

ಚೆನ್ನ ಅವರೇ, ಹಣ ತೆಗೆದರೆ ಶೆಟ್ಟರೂ ಹೋಗುತ್ತಾರೆ. ಆರು ಜನ ಕೂರುವ ಮೇಜು ಇರುವುದು ಅವರ ಮನೆಯಲ್ಲಿ.

ವೆರ್ಣೆಯ ಲಾರಿಯಕ್ಕ, ಗೋವಾ

ನನಗೆ ಈ ಆಟ ಗೊತ್ತಿಲ್ಲ, ನನ್ನ ಮಗ ಆಡುತ್ತಾನೆ. ನಮ್ಮದು ಎರಡು ಲಾರಿ. ನಕ್ಷೆಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ.

ಕೊಂಕಣ ರೈಲ್ವೆಯಲ್ಲಿ 1999ರಿಂದ ರೋ-ರೋ ಸೇವೆ ಇದೆ. ಸರಕು ತುಂಬಿದ ಲಾರಿಯನ್ನೇ ಚಪ್ಪಟೆ ವ್ಯಾಗನ್ ಮೇಲೆ ಹತ್ತಿಸಿ, ಕೋಲಾಡ್‌ನಿಂದ ವೆರ್ಣಾ, ಸುರತ್ಕಲ್ ತನಕ ಒಯ್ಯುತ್ತಾರೆ. ಚಾಲಕ, ಕ್ಲೀನರ್ ತಮ್ಮ ಲಾರಿಯ ಕ್ಯಾಬಿನ್ನಿನಲ್ಲೇ ಕುಳಿತಿರುತ್ತಾರೆ. ಮದುವೆಯಾದ ಹೊಸತರಲ್ಲಿ ಹಟ ಹಿಡಿದು ನಾನೂ ಒಮ್ಮೆ ಹಾಗೆ ಬಂದಿದ್ದೆ. ಚಕ್ರ ತಿರುಗುವುದಿಲ್ಲ, ಸ್ಟಿಯರಿಂಗ್ ಅಲುಗುವುದಿಲ್ಲ, ಲಾರಿ ಓಡುತ್ತಿರುತ್ತದೆ. ಸುರಂಗ ಬಂದಾಗ ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ. ಬಹುಪಾಲು ಒಂಟಿ ಹಳಿಯಾದ್ದರಿಂದ ಎದುರಿನ ಗಾಡಿಗೆ ದಾರಿ ಬಿಡಲು ಯಾವುದೋ ಸಣ್ಣ ನಿಲ್ದಾಣದಲ್ಲಿ ನಿಲ್ಲುತ್ತದೆ. ಆಗ ಚಾಲಕರು ಒಬ್ಬರಿಗೊಬ್ಬರು ಕೂಗಿ ಮಾತನಾಡುತ್ತಾರೆ. ನಮ್ಮ ಹಿಂದಿನ ವ್ಯಾಗನ್ನಿನಲ್ಲಿ ಇದ್ದದ್ದು ನನ್ನ ಗಂಡನಿಗೆ ಟೈರಿನ ಹಣ ಕೊಡದೆ ತಲೆ ತಪ್ಪಿಸಿಕೊಂಡಿದ್ದ ಮನುಷ್ಯ. ಹೆದ್ದಾರಿಯಲ್ಲಾಗಿದ್ದರೆ ಅವನು ಯಾವ ಢಾಬಾದ ಹಿಂದೆ ನುಗ್ಗುತ್ತಿದ್ದನೋ. ಇಲ್ಲಿ ಎಲ್ಲಿಗೆ ಹೋಗುತ್ತಾನೆ? ಬೆಳಗಿನ ತನಕ ಇಬ್ಬರೂ ಮುಖ ನೋಡಿಕೊಂಡೇ ಬಂದರು. ಜಗಳ ರಾಜಾಪುರದ ಹತ್ತಿರ ಶುರುವಾಗಿ ಕುಡಾಳದಲ್ಲಿ ಚಹಾದೊಂದಿಗೆ ಮುಗಿಯಿತು, ಹಣ ಮಾತ್ರ ಬರಲಿಲ್ಲ.

ನಿಮ್ಮ ನೌಕೆಗಳೂ ತಾವೇ ಹಾರಬೇಕೆಂದು ಏನಿದೆ ಅಣ್ಣಾ? ಒಂದು ದೊಡ್ಡ ನೌಕೆ ಎಲ್ಲರನ್ನೂ ಬೆನ್ನ ಮೇಲೆ ಹೇರಿಕೊಂಡು ಹೋಗಲಿ. ಪಕ್ಕದಲ್ಲಿ ಯಾರು ನಿಂತಿದ್ದಾರೆ ಎಂಬುದು ಹೊರಟ ಮೇಲೆ ತಿಳಿಯಲಿ.

ಮುಲುಂಡ್ ಅರ್ಥಧಾರಿ

ಲಾರಿಯಕ್ಕನಿಗೆ ಕೈ ಮುಗಿದೆ. ಗುಮಾಸ್ತರು ಆ ಒಂದು ಉತ್ತರದ ಮೇಲೆಯೇ ಆಟ ಕಟ್ಟಬಹುದು.

ನಾನು ತಾಳಮದ್ದಲೆಯ ಕಡೆಯಿಂದ ಹೇಳುತ್ತೇನೆ. ನಿಮ್ಮ ಸಾಲ ಕೊಟ್ಟವರು ಯಾರು? ಬ್ಯಾಂಕು. ಬ್ಯಾಂಕಿನ ಪಾತ್ರಕ್ಕೆ ಅರ್ಥ ಹೇಳುವವರು, ಅಂದರೆ ಅದರ ಮಾತಾಡುವವರು ಯಾರು? ಯಾರೂ ಇಲ್ಲ! ಎದುರು ಪಾತ್ರವೇ ಇಲ್ಲದ ಪ್ರಸಂಗ ಹಾಕಿಕೊಂಡು, ರಂಗ ಏರಲಿಲ್ಲ ಎಂದು ದೂರುತ್ತಿದ್ದೀರಿ. ಶೆಟ್ಟರ ತಪ್ಪಲ್ಲ ಮಾರಾಯರೇ. ಅವರ ಮುಂದೆ ನೀವು ಇಟ್ಟದ್ದು ಸಂಖ್ಯೆ, ಅವರು ಸಂಖ್ಯೆಯ ಜೊತೆ ಸಂಭಾಷಣೆ ಮಾಡಿದರು.

ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಮಾತು. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಅದನ್ನು ಅಲ್ಲೇ ಬೆಳೆಸುತ್ತಾನೆ, ಬರೆದುಕೊಂಡು ಬಂದ ಮಾತು ಒಂದೂ ಇಲ್ಲ. ವಾಲಿ ಸಾಯುತ್ತಾನೆಂದು ಸಭೆಯಲ್ಲಿ ಕುಳಿತ ಮಗುವಿಗೂ ಗೊತ್ತು. ಆದರೂ ಜನ ರಾತ್ರಿ ಎರಡಕ್ಕೆ ಎದ್ದು ಹೋಗುವುದಿಲ್ಲ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆ ಎಂದು ಈ ವಾಲಿ ಇವತ್ತು ಹೇಗೆ ಕೇಳುತ್ತಾನೆ, ಈ ರಾಮ ಏನು ಹೇಳಿ ಪಾರಾಗುತ್ತಾನೆ, ಕುತೂಹಲ ಅಷ್ಟೇ. ನಾನು ಒಮ್ಮೆ ರಾಮನಾಗಿ ಕುಳಿತು ಪಾರಾಗಲಿಲ್ಲ. ಎದುರಿನ ವಾಲಿ ಹಿರಿಯರು. "ನಿನಗೆ ಸುಗ್ರೀವ ಬೇಕಾಗಿದ್ದನೋ, ಸುಗ್ರೀವನ ಸೈನ್ಯ ಬೇಕಾಗಿತ್ತೋ" ಎಂದು ಕೇಳಿ ಸುಮ್ಮನಾದರು. ನನಗೆ ಗಂಟಲು ಕಟ್ಟಿತು. ಭಾಗವತರು ನನ್ನ ಮುಖ ನೋಡಿ ಮುಂದಿನ ಪದ್ಯ ಎತ್ತಿಕೊಂಡು ಮಾನ ಉಳಿಸಿದರು.

ಆಟ ನಡೆಸುವವನನ್ನು ನೀವು ಗೇಮ್ ಮಾಸ್ಟರ್ ಎನ್ನುತ್ತೀರಲ್ಲ, ಅವನ ಕೆಲಸ ಅದೇ. ಪ್ರತಿ ದೃಶ್ಯಕ್ಕೂ ನಾಲ್ಕು ಸಾಲು ಬರೆದು ತನ್ನಿ: ಯಾರ ಎದುರು ಯಾರು, ಇವನಿಗೆ ಏನು ಬೇಕು, ಅವಳಿಗೆ ಏನು ಬೇಕು, ಕೊನೆಗೆ ಏನಾಗುತ್ತದೆ. ಹೌದು, ಕೊನೆಯನ್ನು ಮೊದಲೇ ಓದಿ ಹೇಳಿಬಿಡಿ. ದಂಗೆ ಗೆಲ್ಲುತ್ತದೆ, ರಾಜಧಾನಿ ಬೀಳುತ್ತದೆ. ಹೇಗೆ, ಯಾರ ಮಾತಿನಿಂದ, ಏನು ತೆತ್ತು ಎಂಬುದಷ್ಟೇ ಆಡುವವರ ಕೈಯಲ್ಲಿ. ವಾದಕ್ಕೆ ದಾಳ ಹಾಕಿಸಬೇಡಿ. ವಾದ ಮುಗಿದ ಮೇಲೆ ಅದರ ಬೆಲೆ ಎಷ್ಟೆಂದು ತಿಳಿಯಲು ಹಾಕಿಸಿ. ಒಬ್ಬನೇ ಮಾತು ಎಳೆಯುತ್ತಾ ಹೋದರೆ ಮೇಜು ತಟ್ಟಿ ಮುಂದಿನ ಪದ್ಯಕ್ಕೆ ಹೋಗಿ. ತಾಳ ನಿಮ್ಮ ಕೈಯಲ್ಲಿರಲಿ. ನಿಮಗೆ ಮೊದಲ ದಿನ ಸುಂಕದವನ ಜೊತೆ ಸಿಕ್ಕಿದ ಆ ಮುಕ್ಕಾಲು ಗಂಟೆಯನ್ನು ಇನ್ನೊಬ್ಬರಿಗೆ ಕೊಡಬೇಕು, ಆದರೆ ಹತ್ತು ನಿಮಿಷದ ಅಳತೆಯಲ್ಲಿ.

ಬಲ್ಲಾರ್ಡ್ ಗುಮಾಸ್ತ, ಡೊಂಬಿವಲಿ

ಮೂರು ವಾರವಾಯಿತು. ಎರಡು ಸಲ ಆಡಿದೆವು, ನಡುವಿನ ಭಾನುವಾರ ಶೆಟ್ಟರ ಮನೆಯಲ್ಲಿ ಸತ್ಯನಾರಾಯಣ ಪೂಜೆ.

ಬ್ಯಾಂಕನ್ನು ತೆಗೆದೆ, ಸಾಲ ಉಳಿಸಿದೆ. ಶೆಟ್ಟರ ಪಾತ್ರಕ್ಕೆ ನೌಕೆ ಕೊಡಿಸಿದವಳು ಅವನ ಚಿಕ್ಕಮ್ಮ, ಈಗ ದಂಗೆಕೋರರ ಮುಖಂಡಳು. ಚಿಕ್ಕಮ್ಮನ ಪಾತ್ರ ಮೇಷ್ಟ್ರಿಗೆ. ಮತ್ಸ್ಯಗಂಧವನ್ನು ಒಂದು ಹೆಬ್ಬಾವಿನಂಥ ನೌಕೆಯ ಬೆನ್ನಿಗೆ ಹತ್ತಿಸಿದೆ. ಒಂದು ವಾರದ ಜಿಗಿತ. ಹೊರಟ ಮೇಲೆ, ಪಕ್ಕದ ಕಟ್ಟೆಯಲ್ಲಿ ನಿಂತಿರುವುದು ಚಿಕ್ಕಮ್ಮನ ನೌಕೆ ಎಂದು ಓದಿ ಹೇಳಿದೆ. ಶೆಟ್ಟರು ಕೂಡಲೇ ಬಾಕಿ ಕಂತುಗಳ ಪಟ್ಟಿ ತೆರೆದರು. ಮೇಷ್ಟ್ರು ಕನ್ನಡಕ ಒರೆಸಿಕೊಂಡು, ತಮ್ಮ ದನಿಯಲ್ಲೇ, ಹೆಣ್ಣುದನಿಯ ಅಣಕು ಏನೂ ಮಾಡದೆ ಹೇಳಿದರು: "ಹಣ ಕೇಳಲು ಬಂದಿಲ್ಲ ಮಗು. ನಿನ್ನ ಮದುವೆಗೆ ನನ್ನನ್ನು ಕರೆಯಲಿಲ್ಲವಲ್ಲ, ಅದನ್ನು ಕೇಳಲು ಬಂದೆ."

ಶೆಟ್ಟರು ಲ್ಯಾಪ್‌ಟಾಪಿನ ಕಡೆಗೆ ಒಮ್ಮೆ ನೋಡಿದರು. ಆಮೇಲೆ ಮಾತನಾಡಿದರು. ಎಂಟು ವರ್ಷದಿಂದ ಎದುರುಮನೆಯಲ್ಲಿರುವ ಮನುಷ್ಯ, ಅಷ್ಟು ಮಾತು ನಾನು ಕೇಳಿರಲಿಲ್ಲ. ಅರ್ಥಧಾರಿಗಳು ಹೇಳಿದಂತೆ ಹತ್ತು ನಿಮಿಷಕ್ಕೆ ಮೇಜು ತಟ್ಟಬೇಕಿತ್ತು, ತಟ್ಟಲು ಕೈ ಬರಲಿಲ್ಲ.

ಇನ್ನೊಂದು ನಿಯಮ ನನ್ನ ಕಚೇರಿಯದು. ಹಡಗು ಮುಳುಗುವಂತಾದಾಗ ಕಪ್ತಾನ ಕೆಲವು ಸರಕನ್ನು ಸಮುದ್ರಕ್ಕೆ ಎಸೆದು ಉಳಿದದ್ದನ್ನು ಕಾಪಾಡಿದರೆ, ಆ ನಷ್ಟ ಎಸೆದ ಸರಕಿನ ಒಡೆಯನೊಬ್ಬನದಲ್ಲ. ಉಳಿದುಕೊಂಡ ಸರಕಿನವರೂ ಹಡಗಿನವರೂ ತಮ್ಮ ತಮ್ಮ ಮೌಲ್ಯಕ್ಕೆ ತಕ್ಕಂತೆ ಹಂಚಿಕೊಳ್ಳಬೇಕು. ಜನರಲ್ ಆವರೇಜ್ ಎನ್ನುತ್ತೇವೆ, ಯಾರ್ಕ್-ಆಂಟ್‌ವರ್ಪ್ ನಿಯಮಗಳ ಪ್ರಕಾರ ಲೆಕ್ಕ ಕಟ್ಟುತ್ತಾರೆ. ಎಷ್ಟು ಕಡತ ಕಟ್ಟಿದ್ದೇನೆ, ಇದು ಆಟಕ್ಕೆ ಬರಬಹುದೆಂದು ಹೊಳೆದದ್ದು ಕಲ್ಯಾಣ ಲೋಕಲ್‌ನಲ್ಲಿ ಒಂಟಿ ಕಾಲಿನಲ್ಲಿ ನಿಂತಿದ್ದಾಗ. ಈಗ ಪ್ರತಿ ಪಾತ್ರದ ಹಾಳೆಯಲ್ಲಿ ಐದು ಸಾಲು ಸರಕು ಇದೆ. ತೂಕದ ಸರಕಲ್ಲ: ಒಂದು ನೆನಪು, ಒಂದು ಆಣೆ, ಒಬ್ಬ ಗೆಳೆಯ, ಇಂಥವು. ನೌಕೆಗೆ ಪೆಟ್ಟು ಬಿದ್ದಾಗ ಯಾರಾದರೂ ಒಬ್ಬರು ಒಂದು ಸಾಲು ಹೊಡೆದುಹಾಕಿದರೆ ಎಲ್ಲರೂ ಬದುಕುತ್ತಾರೆ. ಆದರೆ ಹೆಚ್ಚು ಸಾಲು ಉಳಿಸಿಕೊಂಡವರೂ ಒಂದನ್ನು ಹೊಡೆದುಹಾಕಿ ನಷ್ಟ ಹಂಚಿಕೊಳ್ಳಬೇಕು.

ಕಳೆದ ಭಾನುವಾರ ಸಾಮ್ರಾಜ್ಯದ ಗಸ್ತುನೌಕೆ ಬೆನ್ನು ಹತ್ತಿತು. ದಾಳ ಐದು ಬಿತ್ತು. ಮಗಳು ಬಹಳ ಹೊತ್ತು ಹಾಳೆ ನೋಡಿ "ಅಜ್ಜಿಯ ದನಿ" ಎಂಬ ಸಾಲಿನ ಮೇಲೆ ಗೆರೆ ಎಳೆದಳು. ಅದು ಯಾವ ಅಜ್ಜಿ ಎಂದು ನಾನು ಕೇಳಲಿಲ್ಲ. ಹಂಚಿಕೊಳ್ಳುವ ಸರದಿ ಅಕ್ಕನ ಮಗನದು, ಅವನ ಐದೂ ಸಾಲು ಹಾಗೇ ಇದ್ದವು. ಪೆನ್ನು ಹಿಡಿದುಕೊಂಡು ಕುಳಿತೇ ಇದ್ದ. ಕೆಳಗೆ ಸೊಸೈಟಿಯ ನೀರಿನ ಮೋಟಾರು ಶುರುವಾಯಿತು, ಬಾಲ್ಕನಿಯ ಬಾಗಿಲು ಮುಚ್ಚಲು ಯಾರೂ ಏಳಲಿಲ್ಲ. ಕೊನೆಗೆ "ಊರಿಗೆ ಹೋಗುವ ದಾರಿ" ಎಂಬುದನ್ನು ಹೊಡೆದುಹಾಕಿದ. ಮೊಬೈಲು ಅವನ ಚೀಲದಲ್ಲೇ ಇತ್ತು.

ಸರಿಯಾಗದಿರುವುದೂ ಇದೆ. ಹೊಡೆದಾಟದ ನಿಯಮ ಇನ್ನೂ ಸಪ್ಪೆ. ಆ ನಾಲ್ಕು ಸಾಲು ಬರೆಯಲು ನನಗೆ ಮೂರು ಸಂಜೆ ಬೇಕಾಗುತ್ತದೆ. ಕವಡೆ ಒಂದೇ ಸಲ ತೆಗೆದೆವು, ಒಂದು ಫ್ರಿಜ್ಜಿನ ಕೆಳಗೆ ಹೋಯಿತು, ಮೂರೇ ಕವಡೆಗೆ ಚೌಕವೋ ಅಲ್ಲವೋ ಎಂದು ಮೇಷ್ಟ್ರಿಗೂ ಶೆಟ್ಟರಿಗೂ ವಾದವಾಯಿತು. ಆ ವಾದವೂ ಚೆನ್ನಾಗಿತ್ತು.

ವೆರ್ಣೆಯ ಲಾರಿಯಕ್ಕ, ಗೋವಾ

ಚಿಕ್ಕಮ್ಮನಿಗೆ ಅವನು ಕೊನೆಗೆ ಏನು ಹೇಳಿದ?

ಬಲ್ಲಾರ್ಡ್ ಗುಮಾಸ್ತ, ಡೊಂಬಿವಲಿ

ಕಂತು ಕಟ್ಟದೆ ಮುಖ ತೋರಿಸಲು ನಾಚಿಕೆಯಾಗಿತ್ತು ಎಂದ ಅಕ್ಕಾ. ಮೇಷ್ಟ್ರು ಸ್ವಲ್ಪ ಹೊತ್ತು ಬಿಟ್ಟು, "ಎಷ್ಟು ಬಾಕಿ?" ಎಂದು ಕೇಳಿದರು. ಶೆಟ್ಟರು ಪಟ್ಟಿ ನೋಡದೆಯೇ ಹೇಳಿದರು, 417 ಕಂತು.